ಕಸೂತಿಗೂ ನೈಸರ್ಗಿಕ ಬಣ್ಣಕ್ಕೂ ಒಗ್ಗುವ ರೇಷ್ಮೆ ಯಾವುದು? ಬಾಗಲಕೋಟೆಯಿಂದ ಒಂದು ಪ್ರಶ್ನೆ

ನವನಗರ ಹೊಲಿಗೆ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ನವನಗರದಲ್ಲಿ, ಮನೆಯಲ್ಲಿಯೇ ಹೊಲಿಗೆ ಮತ್ತು ಕಸೂತಿ ಕಲಿಸುತ್ತೇನೆ. ಗೋಡೆಗೆ ತೂಗುಹಾಕುವ ಮೂರು ಪಟಗಳನ್ನು ಮಾಡುವ ಆಸೆಯಿದೆ; ಒಂದೊಂದೂ ಒಂದು ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ. ಮೊದಲನೆಯದಕ್ಕೆ ದಾಳಿಂಬೆ ಸಿಪ್ಪೆಯ ಹಳದಿ, ಎರಡನೆಯದಕ್ಕೆ ಮಂಜಿಷ್ಠದ ಬೇರಿನ ಕೆಂಪು, ಮೂರನೆಯದಕ್ಕೆ ಚಂದ್ರಕಾಳಿ ಸೀರೆಯಂಥ ಕಪ್ಪು. ಅವುಗಳ ಮೇಲೆ ಗೋಪುರ, ಆನೆ, ತೇರುಗಳ ಕಸೂತಿ.

ಹೋದ ದೀಪಾವಳಿಗೆ ಒಂದು ಅಂಗಡಿಯಲ್ಲಿ ಶುದ್ಧ ರೇಷ್ಮೆ ಎಂದು ಹೇಳಿ ಕೊಟ್ಟ ಬಿಳಿ ಸ್ಯಾಟಿನ್ ಮೂರು ಮೀಟರ್ ತಂದಿದ್ದೆ. ಬಟ್ಟೆ ಸೋಪು ಹಾಕಿ ಕುದಿಸಿ, ಬಣ್ಣ ಹಿಡಿಯಲೆಂದು ಪಟಿಕದ ನೀರಿನಲ್ಲಿ ನೆನೆಸಿ, ದಾಳಿಂಬೆ ಸಿಪ್ಪೆಯ ಕಷಾಯದಲ್ಲಿ ಇಳಿಸಿದೆ. ಒಣಗಿದ ಮೇಲೆ ನೋಡಿದರೆ ಮಧ್ಯದಲ್ಲೆಲ್ಲ ನಕ್ಷೆಯ ಮೇಲಿನ ದ್ವೀಪಗಳಂತೆ ಬಿಳಿ ಮಚ್ಚೆಗಳು, ಒಂದು ಅಂಚಿನ ಗುಂಟ ಬೆರಳಗಲ ಬಣ್ಣವೇ ಇಲ್ಲ. ಸೂಜಿ ಹಾಕಿದರೆ ಎಳೆಗಳು ಜಾರಿ ಮೇಲೇಳುತ್ತವೆ. ತಪ್ಪು ಬಟ್ಟೆಯದೋ ನನ್ನ ಕೈಯದೋ ತಿಳಿಯುತ್ತಿಲ್ಲ. ಮುಂದಿನ ಸಲ ಯಾವ ರೇಷ್ಮೆ ಕೊಳ್ಳಬೇಕು?

ಕುಣಿಮಗ್ಗ ಇಳಕಲ್

ತಂಗೀ, ಮೊದಲು ಆ ಅಂಚಿನ ವಿಚಾರ ಮುಗಿಸೋಣ. ಅಂಚಿನಿಂದ ಒಂದೆರಡು ಎಳೆ, ಹಾಸಿನಿಂದ (ಉದ್ದದ ಎಳೆ) ಒಂದೆರಡು, ಹೊಕ್ಕಿನಿಂದ (ಅಡ್ಡದ ಎಳೆ) ಒಂದೆರಡು ಬೇರೆ ಬೇರೆಯಾಗಿ ಬಿಚ್ಚಿ, ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ ನೋಡಿರಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ನಿಧಾನವಾಗಿ ಉರಿದು, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಕರಿ ಬೂದಿ ಉಳಿಯುತ್ತದೆ. ನಮ್ಮ ಕಡೆ ಚಮಕಾ ಎನ್ನುವ ಕೃತಕ ರೇಷ್ಮೆ ಕಾಗದದಂತೆ ಭಗ್ಗನೆ ಉರಿದು ಕಾಗದದ ವಾಸನೆಯನ್ನೇ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ, ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಮೂರನ್ನೂ ಬೇರೆ ಬೇರೆ ಸುಡಬೇಕೆಂದು ಒತ್ತಿ ಹೇಳುವುದೇಕೆಂದರೆ, ಹಾಸು ರೇಷ್ಮೆಯಿದ್ದು ಹೊಕ್ಕು ಬೇರೆ ಇರುವ ಬಟ್ಟೆಯೂ, ಎರಡೂ ರೇಷ್ಮೆಯಿದ್ದು ಅಂಚಿನ ಎಳೆ ಮಾತ್ರ ಪಾಲಿಯೆಸ್ಟರ್ ಆಗಿರುವ ಬಟ್ಟೆಯೂ ಪೇಟೆಯಲ್ಲಿ ಧಾರಾಳವಾಗಿವೆ.

ಇನ್ನು ಸ್ಯಾಟಿನ್ ಕಸೂತಿಗೆ ಸಲ್ಲದು. ಅದರಲ್ಲಿ ಹಾಸಿನ ಎಳೆ ನಾಲ್ಕು ಅಥವಾ ಏಳು ಹೊಕ್ಕಿನ ಮೇಲೆ ತೇಲಿ ಹೋಗಿ ಒಮ್ಮೆ ಕೆಳಗಿಳಿಯುತ್ತದೆ. ಹೊಳಪು ಬರುವುದೂ ಆ ತೇಲುವಿಕೆಯಿಂದಲೇ, ಸೂಜಿಗೆ ಸಿಕ್ಕಿ ಎಳೆ ಎದ್ದು ಬರುವುದೂ ಅದರಿಂದಲೇ. ಅಂಗಡಿಯಲ್ಲಿ ಹೊಳಪು ನೋಡಿ ಕೈ ಹಾಕುವುದು ಎಲ್ಲರ ಅಭ್ಯಾಸ, ಮದುವೆ ಸೀರೆ ಆರಿಸುವಾಗ ಅದು ನಡೆಯುತ್ತದೆ, ಈ ಕೆಲಸಕ್ಕೆ ನಡೆಯುವುದಿಲ್ಲ.

ಎಳೆ ಎಣಿಕೆ ವಿಜಯಪುರ

ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ. ಕಸೂತಿಯಲ್ಲಿ ನಕ್ಷೆ ಬರೆದುಕೊಳ್ಳದೆ ಎಳೆ ಎಣಿಸಿಯೇ ಹೊಲಿಗೆ ಹಾಕುವುದರಿಂದ, ಗಾವಂತಿ ಮತ್ತು ಮುರ್ಗಿ ಎಂಬ ಹೊಲಿಗೆಗಳಿಗೆ ಒಂದು ಮೇಲೆ ಒಂದು ಕೆಳಗೆ ಹೋಗುವ ಸಾದಾ ನೇಯ್ಗೆಯೇ ಬೇಕು. ಅದರಲ್ಲಿಯೂ ಒಂದು ಅಂಗುಲದಲ್ಲಿ ಹಾಸಿನ ಎಳೆ ಎಷ್ಟಿವೆಯೋ ಹೊಕ್ಕಿನ ಎಳೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಇಲ್ಲದಿದ್ದರೆ ಚೌಕಾಕಾರದ ಗೋಪುರ ಉದ್ದಕ್ಕೆ ಎಳೆದ ಹಾಗೆ, ಆನೆ ಕುಳ್ಳಗಾದ ಹಾಗೆ ಕಾಣುತ್ತದೆ. ಅಂಗಡಿಗೆ ಹೋಗುವಾಗ ಒಂದು ಭೂತಕನ್ನಡಿ ಮತ್ತು ಅಳತೆಪಟ್ಟಿ ಚೀಲದಲ್ಲಿಟ್ಟುಕೊಳ್ಳಿ, ಅಂಗಡಿಯವರು ನಕ್ಕರೆ ನಗಲಿ.

ನನ್ನ ಮತವೆಂದರೆ ಟಸರ್ ಎಂಬ ಕಾಡುರೇಷ್ಮೆ. ಎಳೆ ದಪ್ಪ, ಕಣ್ಣಿಗೆ ಎಣಿಸಲು ಸಿಗುತ್ತದೆ, ಸೂಜಿ ಕೂರುತ್ತದೆ.

ವಡಗಾವಿ ಬಣ್ಣಗಾರ

ಅಕ್ಕನವರೇ, ಕಸೂತಿಗೆ ಟಸರ್ ಒಳ್ಳೆಯದಿರಬಹುದು, ಆದರೆ ಇವರು ಕೇಳಿದ ಹಳದಿಗೆ ನಾನು ಅದನ್ನು ಒಪ್ಪುವುದಿಲ್ಲ. ಟಸರ್‌ಗೆ ಹುಟ್ಟಿನಿಂದಲೇ ಜೇನಿನಂಥ ಕಂದು ಬಣ್ಣವಿದೆ, ಅದು ಎಳೆಯ ಒಳಗೇ ಇರುವುದರಿಂದ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಅದರ ಮೇಲೆ ದಾಳಿಂಬೆಯ ಹಳದಿ ಹಾಕಿದರೆ ಮಣ್ಣು ಮೆತ್ತಿದ ಹಾಗೆ ಮಂಕಾಗುತ್ತದೆ. ಹಿಪ್ಪುನೇರಳೆ ರೇಷ್ಮೆಯ ಕಥೆ ಬೇರೆ. ನಮ್ಮ ಕರ್ನಾಟಕದ ಮಿಶ್ರತಳಿಯ ಗೂಡು ಹಳದಿಯಾಗಿದ್ದರೂ ಆ ಬಣ್ಣ ಬಹುಮಟ್ಟಿಗೆ ಮೇಲಿನ ಅಂಟಿನಲ್ಲಿಯೇ ಇರುವುದರಿಂದ ಅಂಟು ಹೋದರೆ ಹಳದಿಯೂ ಹೋಗಿ, ಕೆನೆಬಿಳಿ ಎಳೆ ಉಳಿಯುತ್ತದೆ. ತಿಳಿ ಬಣ್ಣಕ್ಕೆ ಇಂಥ ತಳವೇ ಬೇಕು. ಟಸರ್ ಬಳಸಲೇಬೇಕೆಂದರೆ ಕಪ್ಪಿನ ಪಟಕ್ಕೆ ಬಳಸಲಿ.

ಅಂಟಿನ ಮಾತು ಬಂದಿದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಬಳಿ ಬರುವ ಹತ್ತು ದೂರುಗಳಲ್ಲಿ ಏಳೆಂಟರ ಬೇರು ಅಲ್ಲಿಯೇ ಇರುತ್ತದೆ. ಹುಳು ಬಿಡುವ ಎಳೆಯಲ್ಲಿ ಒಳಗಿನ ತಿರುಳು ಫೈಬ್ರೋಯಿನ್, ಅದಕ್ಕೆ ಸುತ್ತಿಕೊಂಡ ಅಂಟು ಸೆರಿಸಿನ್. ಹಿಪ್ಪುನೇರಳೆ ರೇಷ್ಮೆಯಲ್ಲಿ ತೂಕದ ಸುಮಾರು ಕಾಲು ಭಾಗ ಈ ಅಂಟೇ. ಅಂಟು ಇರುವ ಬಟ್ಟೆ ಕಾಗದದಂತೆ ಬಿರುಸಾಗಿರುತ್ತದೆ, ಮಂಕಾಗಿರುತ್ತದೆ. ಅಂಟೂ ಬಣ್ಣ ಕುಡಿಯುತ್ತದೆ ಎಂಬುದೇ ಇಲ್ಲಿರುವ ಮೋಸ: ಬಣ್ಣ ಚೆನ್ನಾಗಿ ಹತ್ತಿತೆಂದು ನೀವು ಖುಷಿಪಡುವಷ್ಟರಲ್ಲಿ ಎರಡು ಒಗೆತಕ್ಕೆ ಅಂಟು ಕರಗಿ, ಅದರ ಜೊತೆ ಬಣ್ಣವೂ ಚರಂಡಿ ಸೇರುತ್ತದೆ. ಅರ್ಧಂಬರ್ಧ ಅಂಟು ತೆಗೆದದ್ದಾದರೆ ಮಚ್ಚೆ ಮಚ್ಚೆ.

ಅಂಟು ತೆಗೆಯಲು ಒಂದು ಲೀಟರ್ ನೀರಿಗೆ ಐದಾರು ಗ್ರಾಂ ಸೌಮ್ಯ ಸೋಪು, ಒಂದೆರಡು ಗ್ರಾಂ ಸೋಡಾ ಬೂದಿ ಹಾಕಿ, 90ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಇಡುತ್ತೇನೆ. ಬಟ್ಟೆಯ ತೂಕದ ನಲವತ್ತರಷ್ಟು ನೀರು ಬೇಕು, ಅದು ಸುಕ್ಕಿಲ್ಲದೆ ಈಜಾಡುವಂತಿರಬೇಕು. ಕುದಿ ಎಬ್ಬಿಸಬಾರದು, ಬಟ್ಟೆಗೆ ಬಟ್ಟೆ ಉಜ್ಜಿ ಹೊಳಪು ಸಾಯುತ್ತದೆ. ನಡುವೆ ಕೈಯಲ್ಲಿ ಹಿಡಿದು ನೋಡಿದರೆ ಬೆಂಡೆಕಾಯಿ ಲೋಳೆಯಂತೆ ಜಾರುತ್ತದೆ. ಆ ಲೋಳೆ ಹೋಗುವವರೆಗೆ ಬಿಸಿನೀರಿನಲ್ಲಿ ತೊಳೆಯಬೇಕು. ಮೊದಲೂ ಆಮೇಲೂ ಒಣ ಬಟ್ಟೆಯನ್ನು ತೂಗಿ ನೋಡುವುದು ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ. ನೂರು ಗ್ರಾಂ ಕಚ್ಚಾ ರೇಷ್ಮೆ ಎಪ್ಪತ್ತೈದರ ಆಸುಪಾಸಿಗೆ ಬಂದರೆ ಕೆಲಸ ಆಗಿದೆ.

ಆರ್ಗಂಜಾ ಎಂಬ ತೆಳು, ಬಿರುಸು ರೇಷ್ಮೆ ಬಟ್ಟೆ ಮಾತ್ರ ಈ ನಿಯಮಕ್ಕೆ ಹೊರಗು. ಅದರ ಬಿಗುವೇ ಅಂಟಿನದು. ಅದನ್ನು ಸೋಡಾದಲ್ಲಿ ಬೇಯಿಸಿದರೆ ಆರ್ಗಂಜಾ ಉಳಿಯುವುದೇ ಇಲ್ಲ, ಮೆತ್ತಗಿನ ಜಾಳು ಬಟ್ಟೆ ಕೈಗೆ ಬರುತ್ತದೆ.

ನವನಗರ ಹೊಲಿಗೆ

ಕಾಕಾ ಹೇಳಿದಂತೆ ಸುಟ್ಟು ನೋಡಿದೆ. ಹಾಸು, ಹೊಕ್ಕು ಎರಡೂ ಕೂದಲಿನ ವಾಸನೆ. ಅಂಚಿನ ಎಳೆ ಮಾತ್ರ ಕರಗಿ ಸಾಸಿವೆಯಷ್ಟು ಮಣಿಯಾಯಿತು. ಅಂದರೆ ಬಟ್ಟೆ ರೇಷ್ಮೆಯೇ, ಅಂಚು ಅಲ್ಲ. ಆದರೆ ಮಧ್ಯದ ಮಚ್ಚೆಗಳಿಗೆ ಅಂಟು ಕಾರಣ ಎನ್ನಲು ಮನಸ್ಸು ಒಪ್ಪುತ್ತಿಲ್ಲ, ಬಟ್ಟೆ ಕೊಂಡಾಗಲೇ ಬೆಣ್ಣೆಯಂತೆ ಮೃದುವಾಗಿತ್ತು.

ರಸಾಯನ ಪಾಠ ಜಮಖಂಡಿ

ಒಂದು ಪ್ರಶ್ನೆ. ಕುದಿಸಿದ ನೀರು ಯಾವುದು? ಸೋಪು ಹಾಕಿದಾಗ ನೊರೆ ಬಂದಿತೇ?

ನವನಗರ ಹೊಲಿಗೆ

ಕೊಳವೆಬಾವಿಯ ನೀರು, ಸರ್. ನೊರೆ ಬರಲಿಲ್ಲ. ಹಾಲು ಒಡೆದ ಹಾಗೆ ಬಿಳಿ ಕೆನೆ ಮೇಲೆ ತೇಲಿತು, ಪಾತ್ರೆಯ ಸುತ್ತ ಜಿಡ್ಡಿನ ಉಂಗುರವಾಗಿತ್ತು. ಅಂಟು ಬಿಡುತ್ತಿದೆ ಎಂದುಕೊಂಡು ಇನ್ನಷ್ಟು ಸೋಪು ಹಾಕಿದೆ.

ರಸಾಯನ ಪಾಠ ಜಮಖಂಡಿ

ಹಾಗಾದರೆ ಮಚ್ಚೆಯ ಕಾರಣ ಸಿಕ್ಕಿತು. ಬಾಗಲಕೋಟೆಯ ನೆಲದಡಿ ಸುಣ್ಣಕಲ್ಲಿದೆ. ಅಲ್ಲಿ ಸಿಮೆಂಟು ಕಾರ್ಖಾನೆ ಹುಟ್ಟಿದ್ದಕ್ಕೂ ಅದೇ ಆಧಾರ. ಇಂಥ ನೆಲದಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಕರಗಿರುತ್ತದೆ. ಸೋಪಿನ ಜೊತೆ ಕ್ಯಾಲ್ಸಿಯಂ ಸೇರಿದರೆ ನೀರಿನಲ್ಲಿ ಕರಗದ ಜಿಡ್ಡು ಉಂಟಾಗುತ್ತದೆ. ನೀವು ಕಂಡ ಕೆನೆ ಅಂಟಲ್ಲ, ಅದೇ ಜಿಡ್ಡು. ಅದು ರೇಷ್ಮೆಗೆ ಅಲ್ಲಲ್ಲಿ ಹತ್ತಿಕೊಂಡು, ಪಟಿಕವನ್ನೂ ಬಣ್ಣವನ್ನೂ ಒಳಗೆ ಬಿಡದೆ ದ್ವೀಪಗಳನ್ನು ಮಾಡಿದೆ. ಹೆಚ್ಚು ಸೋಪು ಹಾಕಿದ್ದರಿಂದ ಹೆಚ್ಚು ಜಿಡ್ಡಾಯಿತು, ಅಷ್ಟೇ. ಮಳೆ ನೀರು ಹಿಡಿದಿಟ್ಟುಕೊಳ್ಳಿ, ಇಲ್ಲವೇ ಕುಡಿಯುವ ನೀರಿನ ಘಟಕದಿಂದ ಒಂದು 20 ಲೀಟರ್ ಕ್ಯಾನ್ ತನ್ನಿ. ನೀವು ಮಾಡುತ್ತಿರುವ ಕೆಲಸದ ಅಳತೆಗೆ ಅದು ಸಾಕು.

ಬಟ್ಟೆ ಕೊಳ್ಳುವಾಗಲೂ ಒಂದು ಹನಿ ನೀರು ನಿಮಗೆ ಬಹಳಷ್ಟು ಹೇಳುತ್ತದೆ. ಬೆರಳ ತುದಿಯಿಂದ ಹನಿ ಬಿಡಿ. ತಕ್ಷಣ ಹರಡಿ ಒಳಗಿಳಿದರೆ ಬಟ್ಟೆ ಬಣ್ಣಕ್ಕೆ ಸಿದ್ಧ. ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ ನಿಂತರೆ ಅಂಟೋ, ಗಂಜಿಯೋ, ಗಿರಣಿಯಲ್ಲಿ ಹಾಕಿದ ಮೃದುಕಾರಕವೋ ಇದೆ ಎಂದರ್ಥ. ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಸಾಕೆಂದು ಕೆಲವರು ಭಾವಿಸುತ್ತಾರೆ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಆ ಗುರುತು ಎಳೆ ಶುದ್ಧ ರೇಷ್ಮೆಯದು ಎಂದು ಹೇಳುತ್ತದೆ. ಅದರ ಮೇಲೆ ಏನು ಬಳಿದಿದ್ದಾರೆ ಎಂದು ಹೇಳುವುದಿಲ್ಲ.

ಒಂದು ವಿನಾಯಿತಿ ಹೇಳಿಬಿಡುತ್ತೇನೆ. ಮಂಜಿಷ್ಠದ ಮಟ್ಟಿಗೆ ಗಡಸು ನೀರು ಶತ್ರುವಲ್ಲ, ಕ್ಯಾಲ್ಸಿಯಂ ಇದ್ದರೆ ಅದರ ಕೆಂಪು ಇನ್ನೂ ಗಾಢವಾಗುತ್ತದೆ. ಸೋಪಿನ ಕೆಲಸಕ್ಕೆ ಮೆದು ನೀರು, ಮಂಜಿಷ್ಠದ ಕಷಾಯಕ್ಕೆ ನಿಮ್ಮ ಕೊಳವೆಬಾವಿಯ ನೀರು. ಆ ಕಷಾಯವನ್ನು 70 ಡಿಗ್ರಿ ದಾಟಿಸಬೇಡಿ, ದಾಟಿದರೆ ಕಂದು ಬಣ್ಣ ಮೇಲೇಳುತ್ತದೆ.

ಎಳೆ ಎಣಿಕೆ ವಿಜಯಪುರ

ವಡಗಾವಿಯ ಅಣ್ಣನವರ ಮಾತಿಗೆ ಅರ್ಧ ಒಪ್ಪುತ್ತೇನೆ. ಹಳದಿಗೆ ಟಸರ್ ಬೇಡ, ಸರಿ. ಎರಿ ರೇಷ್ಮೆ ಏಕಾಗಬಾರದು? ಅಸ್ಸಾಮಿನ ಎರಿ ಗೂಡಿನ ಬಾಯಿ ತೆರೆದೇ ಇರುವುದರಿಂದ ಪತಂಗ ಹಾರಿಹೋದ ಮೇಲೆ ಹತ್ತಿಯಂತೆ ನೂತು ನೂಲು ಮಾಡುತ್ತಾರೆ. ಹೊಳಪು ಕಡಿಮೆ, ಆದರೆ ಬಣ್ಣ ಹೀರಿಕೊಳ್ಳುವುದರಲ್ಲಿ ಎತ್ತಿದ ಕೈ. ಜೀವಹಿಂಸೆ ಬೇಡವೆನ್ನುವವರಿಗೂ ಅದು ಒಪ್ಪಿಗೆಯಾಗುತ್ತದೆ. ನನ್ನ ಬಳಿ ಎರಿಯ ಶಾಲೊಂದಿದೆ, ಅದರ ಮೇಲೆ ಕಸೂತಿ ಹಾಕುವಾಗ ಇಳಕಲ್ ಹತ್ತಿ ಸೀರೆಯ ಮೇಲೆ ಹಾಕಿದಷ್ಟೇ ಸಲೀಸಾಗಿತ್ತು.

ಕುಣಿಮಗ್ಗ ಇಳಕಲ್

ಎರಿ ಒಳ್ಳೆಯ ಮಾಲು. ಆದರೆ ನೂತ ನೂಲಾದ್ದರಿಂದ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಎಣಿಕೆ ಸರಿಯಿದ್ದರೂ ಗೆರೆ ಅಲ್ಲಲ್ಲಿ ಅಲುಗಿದಂತೆ ಕಾಣುತ್ತದೆ. ಡುಪಿಯಾನ್‌ನದೂ ಇದೇ ತಕರಾರು, ಎರಡು ಹುಳು ಸೇರಿ ಕಟ್ಟಿದ ಗೂಡಿನ ಎಳೆಯಾದ್ದರಿಂದ ಹೊಕ್ಕಿನಲ್ಲಿ ಗಂಟು ಗಂಟು. ಬರೀ ಬಣ್ಣ ಹಾಕಿ ತೂಗುಹಾಕುವವರಿಗೆ ಆ ಗಂಟೇ ಚೆಂದ. ಕ್ರೇಪ್, ಜಾರ್ಜೆಟ್ ಮಾತ್ರ ಬೇಡವೇ ಬೇಡ. ಅವುಗಳಲ್ಲಿ ಎಡಕ್ಕೂ ಬಲಕ್ಕೂ ಬಿಗಿಯಾಗಿ ಹುರಿ ಹಾಕಿದ ಎಳೆ ಇರುವುದರಿಂದ ಬಿಸಿನೀರು ಕಂಡರೆ ಕುಗ್ಗುತ್ತವೆ. ಮೈಸೂರಿನ ಕ್ರೇಪ್ ಸೀರೆಯ ಬೀಳು ಬರುವುದೂ ಆ ಹುರಿಯಿಂದಲೇ, ಉಡಲು ಅದರಂಥದ್ದಿಲ್ಲ. ಎಳೆ ಎಣಿಸಲು ಕೂತರೆ ಕಣ್ಣು ಹೋಗುತ್ತದೆ.

ಇನ್ನೊಂದು ಮಾತು. ಹಳೆಯ ಇಳಕಲ್ ಸೀರೆಯನ್ನೇ ಪಟವಾಗಿಸುತ್ತೇನೆಂದು ಒಬ್ಬರು ನನ್ನ ಬಳಿ ಬಂದಿದ್ದರು. ಮೈ ಹತ್ತಿ, ಸೆರಗು ರೇಷ್ಮೆ. ಕೊಂಡಿ ಹಾಕಿ ಎರಡು ಹಾಸನ್ನು ಜೋಡಿಸಿ ನೇಯ್ದದ್ದು. ಎರಡನ್ನೂ ಒಂದೇ ಕಷಾಯಕ್ಕೆ ಹಾಕಿದರೆ ರೇಷ್ಮೆ ಕಡುವಾಗಿ, ಹತ್ತಿ ಪೇಲವವಾಗಿ ನಿಂತಿತು. ಹತ್ತಿಗೆ ಮೊದಲು ಅಳಲೆಕಾಯಿಯ ಒಗರು ಕುಡಿಸದೆ ಪಟಿಕ ಸರಿಯಾಗಿ ಕೂರುವುದಿಲ್ಲ, ರೇಷ್ಮೆಗೆ ಆ ಹಂಗಿಲ್ಲ. ಖಣದ ತುಂಡುಗಳನ್ನು ಜೋಡಿಸಿ ಬಣ್ಣ ಹಾಕಬೇಕೆನ್ನುವವರು ಮೊದಲು ಅದರಲ್ಲಿ ಎಷ್ಟು ಹತ್ತಿ, ಎಷ್ಟು ರೇಷ್ಮೆ, ಎಷ್ಟು ಚಮಕಾ ಎಂದು ಗುಳೇದಗುಡ್ಡದ ನೇಕಾರರನ್ನೇ ಕೇಳಿ ತಿಳಿದುಕೊಳ್ಳಬೇಕು.

ವಡಗಾವಿ ಬಣ್ಣಗಾರ

ಕಪ್ಪಿನ ಬಗ್ಗೆ ಯಾರೂ ಹೇಳಲಿಲ್ಲ. ದಾಳಿಂಬೆ ಸಿಪ್ಪೆಯ ಒಗರಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಸೇರಿಸಿದರೆ ಐದು ನಿಮಿಷದಲ್ಲಿ ಕಪ್ಪಾಗುತ್ತದೆಂದು ಎಲ್ಲರಿಗೂ ಗೊತ್ತು, ಅದಕ್ಕೇ ಎಲ್ಲರೂ ಅದನ್ನು ಅತಿಯಾಗಿ ಹಾಕುತ್ತಾರೆ. ಕಬ್ಬಿಣ ರೇಷ್ಮೆಯನ್ನು ಒಳಗಿಂದ ತಿನ್ನುತ್ತದೆ. ಹಳೆಯ ಬಟ್ಟೆಗಳಲ್ಲಿ ಕೆಂಪು, ಹಳದಿ ಗಟ್ಟಿಯಾಗಿದ್ದು ಕಪ್ಪಿನ ಭಾಗ ಮಾತ್ರ ಪುಡಿಯಾಗಿ ಉದುರಿರುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಬಟ್ಟೆಯ ತೂಕದ ನೂರಕ್ಕೆ ಎರಡು ಭಾಗ ಮೀರಬೇಡಿ. ನಾನು ಮೊದಲು ನೀಲಿ ಗಿಡದ (ಇಂಡಿಗೊ) ಬಣ್ಣದಲ್ಲಿ ನಾಲ್ಕೈದು ಸಲ ಅದ್ದಿ ಕಡುನೀಲಿ ಮಾಡಿ, ಅದರ ಮೇಲೆ ಮಂಜಿಷ್ಠ, ಕೊನೆಗೆ ದಾಳಿಂಬೆ ಮತ್ತು ಚಿಟಿಕೆ ಅನ್ನಭೇದಿ ಹಾಕುತ್ತೇನೆ. ನೀಲಿಯ ತೊಟ್ಟಿಯಲ್ಲಿ ಸುಣ್ಣ ಹೆಚ್ಚಾದರೂ ರೇಷ್ಮೆಗೆ ಏಟು. ಹತ್ತಿಗೆ ಕಟ್ಟಿದ ತೊಟ್ಟಿಗಿಂತ ಸೌಮ್ಯವಾಗಿರಲಿ, ಅದ್ದಿ ಗಾಳಿಯಾಡಿಸಿದ ಮೇಲೆ ಕೊನೆಯ ನೀರಿಗೆ ಒಂದಿಷ್ಟು ವಿನೆಗರ್ ಬೀಳಲಿ. ಹಾಗೆ ತೊಳೆದ ರೇಷ್ಮೆ ಮುಷ್ಟಿಯಲ್ಲಿ ಹಿಡಿದರೆ ಕರಕರ ಎನ್ನುತ್ತದೆ.

ಎಳೆ ಎಣಿಕೆ ವಿಜಯಪುರ

ನಮ್ಮ ಎರೆಹೊಲದ ಕುಸುಬಿ ಹೂವನ್ನು ಯಾರಾದರೂ ರೇಷ್ಮೆಗೆ ಬಳಸಿದ್ದೀರಾ? ಹೋದ ವರ್ಷ ತಣ್ಣೀರಿನಲ್ಲಿ ಹಳದಿ ತೊಳೆದುಹಾಕಿ, ಸೋಡಾ ನೀರಿನಲ್ಲಿ ಕೆಂಪು ಬಿಡಿಸಿ, ನಿಂಬೆರಸ ಹಿಂಡಿ ಹಾಕಿದೆ. ಹತ್ತಿಗೆ ಗುಲಾಬಿ ಬಂತು, ರೇಷ್ಮೆಗೆ ಅದೇ ಪಾತ್ರೆಯಲ್ಲಿ ಕಿತ್ತಳೆ.

ರಸಾಯನ ಪಾಠ ಜಮಖಂಡಿ

ನೀವು ತಪ್ಪು ಮಾಡಿಲ್ಲ, ಅಕ್ಕನವರೇ. ಎಷ್ಟು ತೊಳೆದರೂ ಸ್ವಲ್ಪ ಹಳದಿ ಉಳಿದೇ ಉಳಿಯುತ್ತದೆ. ಹತ್ತಿ ಆ ಹಳದಿಯನ್ನು ಹಿಡಿಯುವುದಿಲ್ಲ, ರೇಷ್ಮೆ ಎರಡನ್ನೂ ಹಿಡಿಯುತ್ತದೆ. ಅಪ್ಪಟ ಗುಲಾಬಿಯೇ ಬೇಕೆಂದರೆ ಮೊದಲು ಹತ್ತಿಗೆ ಹತ್ತಿಸಿ, ಆ ಹತ್ತಿಯನ್ನು ಮತ್ತೆ ಹೊಸ ಸೋಡಾ ನೀರಿನಲ್ಲಿ ಅದ್ದಿ ಕೆಂಪನ್ನು ಬಿಡಿಸಿ, ಹುಳಿ ಹಾಕಿ, ರೇಷ್ಮೆಯನ್ನು ಇಳಿಸಬೇಕು. ಆದರೆ ಗೋಡೆಯ ಪಟಕ್ಕೆ ಕುಸುಬಿಯಾಗಲಿ ಅರಿಶಿನವಾಗಲಿ ಬೇಡ, ಎರಡೂ ಬೆಳಕಿಗೆ ಬೇಗ ಮಾಸುತ್ತವೆ.

ನವನಗರ ಹೊಲಿಗೆ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಈ ಸಲ ಮೀಟರುಗಟ್ಟಲೆ ಕೊಳ್ಳದೆ ನಾಲ್ಕು ಬಗೆಯ ಬಟ್ಟೆಯನ್ನು ಕಾಲು ಕಾಲು ಮೀಟರ್ ತಂದು, ಅಂಗೈ ಅಗಲದ ತುಂಡುಗಳನ್ನು ಕತ್ತರಿಸಿ, ಮೂಲೆಯಲ್ಲಿ ದಾರದ ಗಂಟು ಹಾಕಿ ಗುರುತು ಮಾಡಿದೆ: ಒಂದು ಗಂಟು ಹಿಪ್ಪುನೇರಳೆಯ ಸಾದಾ ನೇಯ್ಗೆ, ಎರಡು ಟಸರ್, ಮೂರು ಎರಿ, ನಾಲ್ಕು ಕ್ರೇಪ್. ಕಾಕಾ ಬೇಡವೆಂದರೂ ಕ್ರೇಪ್ ತಂದದ್ದು ಹಟಕ್ಕೆ. ಹತ್ತು ಸೆಂಟಿಮೀಟರ್ ಇದ್ದದ್ದು ಒಂಬತ್ತಕ್ಕೆ ಬಂದು ಸುಕ್ಕಾಯಿತು, ಅಲ್ಲಿಗೆ ನನ್ನ ಹಟವೂ ಮುಗಿಯಿತು.

ಕ್ಯಾನಿನ ನೀರಿನಲ್ಲಿ ಸೋಪು ಸರಿಯಾಗಿ ನೊರೆ ಬಂತು, ಕೆನೆ ಕಟ್ಟಲಿಲ್ಲ. ಪಟಿಕವನ್ನು ಬಟ್ಟೆಯ ತೂಕದ ನೂರಕ್ಕೆ ಹನ್ನೆರಡರಂತೆ ಬಿಸಿನೀರಿನಲ್ಲಿ ಕರಗಿಸಿ, ತಣಿಸಿ, ರಾತ್ರಿಯಿಡೀ ನೆನೆಹಾಕಿದೆ. ದಾಳಿಂಬೆಯಲ್ಲಿ ಹಿಪ್ಪುನೇರಳೆ ತುಂಡು ಹಳೆಯ ತುಪ್ಪದ ಬಣ್ಣಕ್ಕೆ ಬಂದು ಎಲ್ಲ ಕಡೆ ಸಮನಾಗಿ ಕೂತಿದೆ. ಎರಿ ಅದಕ್ಕಿಂತ ಗಾಢ, ಆದರೆ ಮುರ್ಗಿಯ ಮೆಟ್ಟಿಲುಗಳು ಕಾಕಾ ಎಚ್ಚರಿಸಿದಂತೆಯೇ ಅಲುಗಿವೆ. ಟಸರ್‌ನ ಹಳದಿ ನಿಜಕ್ಕೂ ಮಂಕು. ಅದೇ ಟಸರ್ ನೀಲಿ, ಮಂಜಿಷ್ಠ, ದಾಳಿಂಬೆ ಮೂರೂ ಕುಡಿದ ಮೇಲೆ ಬಿಸಿಲಿನಲ್ಲಿ ಕಂದು ಮಿಂಚುವ ಕಪ್ಪಾಯಿತು, ಅದನ್ನು ನೋಡಿ ನನ್ನ ತಾಯಿ ಚಂದ್ರಕಾಳಿಯೇ ಎಂದರು. ಹಾಗಾಗಿ ಹಳದಿ ಮತ್ತು ಕೆಂಪಿಗೆ ಹಿಪ್ಪುನೇರಳೆಯ ಸಾದಾ ನೇಯ್ಗೆ, ಕಪ್ಪಿಗೆ ಟಸರ್ ಎಂದು ನಿರ್ಧರಿಸಿದ್ದೇನೆ. ಈಗ ಎರಡು ಸಂದೇಹ. ತೂಕ ಎಷ್ಟಿರಬೇಕು? ಕಸೂತಿಯ ದಾರವನ್ನೂ ಇದೇ ಕಷಾಯದಲ್ಲಿ ಹಾಕಬಹುದೇ?

ಕುಣಿಮಗ್ಗ ಇಳಕಲ್

ತೂಗುಹಾಕುವ ಪಟಕ್ಕೆ ಚದರ ಮೀಟರಿಗೆ 80 ಗ್ರಾಂನ ಸುತ್ತಮುತ್ತ ಇರಲಿ. ಅದಕ್ಕಿಂತ ಬಹಳ ತೆಳುವಾದರೆ ಹಿಂದಿನ ದಾರ ಮುಂದೆ ಕಾಣುತ್ತದೆ, ಹೊಲಿಗೆಯ ಭಾರಕ್ಕೆ ಬಟ್ಟೆ ಜೋಲುತ್ತದೆ. ಅಂಗಡಿಯಲ್ಲಿ ಅರವತ್ತು ಗ್ರಾಂ, ಎಂಬತ್ತು ಗ್ರಾಂ ಎಂದರೆ ಅದು ಉದ್ದದ ಒಂದು ಮೀಟರಿಗೋ ಚದರ ಮೀಟರಿಗೋ ಎಂದು ಕೇಳಿರಿ, ಅಗಲ ಬೇರೆಯಾದರೆ ಲೆಕ್ಕವೂ ಬೇರೆಯಾಗುತ್ತದೆ. ನಿಮ್ಮ ಅಳತೆಯ ಒಂದು ಪಟ 36 ಗ್ರಾಂ ತೂಗುತ್ತದೆ. ಪಟಿಕ ನಾಲ್ಕು ಗ್ರಾಂಗಿಂತ ತುಸು ಹೆಚ್ಚು ಬೇಕಾಗುತ್ತದೆ, ಅಷ್ಟು ಸಣ್ಣ ಲೆಕ್ಕಕ್ಕೆ ಕಿರಾಣಿ ತಕ್ಕಡಿ ಸಾಲದು, ಬಂಗಾರ ತೂಗುವಂಥದ್ದು ಹುಡುಕಿರಿ. ಅಳತೆಗಿಂತ ನಾಲ್ಕು ಬೆರಳು ಉದ್ದ ಹೆಚ್ಚಿಗೆ ಕತ್ತರಿಸಿಕೊಳ್ಳಿರಿ, ಅಂಚಿನ ಪಟ್ಟಿಯನ್ನು ಬಣ್ಣಕ್ಕೆ ಮೊದಲೇ ಕತ್ತರಿಸಿ ತೆಗೆಯಿರಿ.

ವಡಗಾವಿ ಬಣ್ಣಗಾರ

ದಾರವನ್ನು ಅದೇ ಕಷಾಯದಲ್ಲಿ ಹಾಕಬಹುದು, ಆದರೆ ಬಟ್ಟೆಯ ಜೊತೆಗೆ ಬೇಡ, ಬಟ್ಟೆ ತೆಗೆದ ಮೇಲೆ ಬೇರೆಯಾಗಿ. ಹುರಿ ಬಿಗಿಯಿರುವ ದಾರ ಬಟ್ಟೆಗಿಂತ ತಿಳಿಯಾಗಿಯೇ ಬರುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಹೊಲಿಯುವ ಮುಂಚೆ ನೀರು ತಿಳಿಯಾಗುವವರೆಗೆ ತೊಳೆದು, ಒದ್ದೆ ದಾರವನ್ನು ಬಿಳಿ ಹತ್ತಿ ಬಟ್ಟೆಯ ಮೇಲೆ ಒಂದು ರಾತ್ರಿ ಒತ್ತಿಡಿ. ಬೆಳಿಗ್ಗೆ ಕಲೆ ಕಂಡರೆ ಮತ್ತೆ ತೊಳೆಯಿರಿ. ಲಡಿಯನ್ನು ನಾಲ್ಕು ಕಡೆ ಕಟ್ಟುವಾಗ ಕಟ್ಟು ಸಡಿಲವಾಗಿರಲಿ, ಬೆರಳು ತೂರುವಷ್ಟು. ಬಿಗಿದು ಕಟ್ಟಿದರೆ ಅಲ್ಲಿ ಬಿಳಿ ಉಳಿದು, ಕಸೂತಿಯ ನಡುವೆ ಆನೆಯ ಕಾಲಿಗೋ ತೇರಿನ ಗಾಲಿಗೋ ಬಂದು ಕೂರುತ್ತದೆ.